‘ಬಾಕಿ ಲೇಬಲ್ ತೆಗೆ’ ಎಂದರೆ ಏಜೆಂಟ್ ಏನು ಮಾಡಬೇಕು?

ಕಳೆದ ಕೊಯ್ಲಿನ ಹೊತ್ತಿನಲ್ಲಿ ಚಿಕ್ಕಮಗಳೂರಿನ ಹತ್ತಿರದ ಒಂದು ಕಾಫಿ ತೋಟದ ರೈಟರು (ಲೆಕ್ಕಪತ್ರ ನೋಡುವ ಗುಮಾಸ್ತರು), ಕಚೇರಿಯ ಜಿಮೇಲ್ ನೋಡಿಕೊಳ್ಳುತ್ತಿದ್ದ ಎಐ ಏಜೆಂಟ್‌ಗೆ ಒಂದು ಸಾಲು ಬರೆದರು: ‘ಹಣ ಬಂದಿರುವ ಬಿಲ್ಲುಗಳ ಬಾಕಿ ಲೇಬಲ್ ತೆಗೆ.’ ಏಜೆಂಟ್ ‘ಬಾಕಿ’ ಎಂಬ ಲೇಬಲನ್ನೇ ಅಳಿಸಿಹಾಕಿತು. ಮೇಲ್‌ಗಳೆಲ್ಲ ಇದ್ದವು. ಯಾವ ವ್ಯಾಪಾರಿಯಿಂದ ಹಣ ಬರಬೇಕು, ಯಾರದು ಚುಕ್ತಾ ಆಗಿದೆ ಎಂಬ ಗುರುತು ಮಾತ್ರ ಹೋಗಿತ್ತು. ರೈಟರು ಎರಡು ದಿನ ಲೆಡ್ಜರ್ ಎದುರಿಟ್ಟುಕೊಂಡು ಒಂದೊಂದೇ ಮೇಲ್‌ಗೆ ಮತ್ತೆ ಗುರುತು ಹಾಕಿದರು. ಏಜೆಂಟ್ ಲೇಬಲ್ ಕೆಲಸಕ್ಕೆ ಬಳಸಿದ್ದ ಟೂಲಿಗೆ, ಅಂದರೆ ಅದಕ್ಕೆಂದು ಬರೆದುಕೊಟ್ಟ ಪುಟ್ಟ ಪ್ರೋಗ್ರಾಮಿಗೆ, ಇದ್ದ ವಿವರಣೆಯನ್ನು ತೆರೆಸಿ ನೋಡಿದೆ. ‘ಲೇಬಲ್‌ಗಳನ್ನು ನಿರ್ವಹಿಸುತ್ತದೆ.’ ಅಷ್ಟೇ.

ಕೋಡ್ ಸೊಗಸಾಗಿ ಬರೆಯುವವರೂ ಎಡವುವುದು ಇಲ್ಲೇ. ಯಾವ ಟೂಲನ್ನು ಯಾವಾಗ ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಅದರ ಹೆಸರು, ವಿವರಣೆ, ಅದು ಕೇಳುವ ಮಾಹಿತಿ, ಇಷ್ಟನ್ನೇ ಓದಿ. ಒಳಗಿನ ಕೋಡ್ ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲ ಹಂತ: ಒಂದು ಟೂಲಿಗೆ ಒಂದೇ ಕೆಲಸ ಕೊಡಿ. ಪಟ್ಟಿ ತರುವುದು, ಹೊಸ ಲೇಬಲ್ ಮಾಡುವುದು, ಹೆಸರು ಬದಲಿಸುವುದು, ಮೇಲ್‌ಗೆ ಹಚ್ಚುವುದು, ಮೇಲ್‌ನಿಂದ ಬಿಡಿಸುವುದು, ಲೇಬಲನ್ನೇ ಅಳಿಸುವುದು, ಹೀಗೆ ಆರು. ಇವನ್ನೆಲ್ಲ ಒಂದೇ ಟೂಲಿಗೆ ತುರುಕಿದ ಸಿದ್ಧ ಪ್ಯಾಕೇಜುಗಳು ಪುಕ್ಕಟೆ ಸಿಗುತ್ತವೆ. ಅವನ್ನು ಮುಟ್ಟಬೇಡಿ. ಹಚ್ಚಲು ಹೋದ ಏಜೆಂಟ್ ಅಳಿಸುವುದಕ್ಕೆ ಅಂಥ ಟೂಲಿನಲ್ಲಿ ಒಂದು ಪದದ ಅಂತರ ಸಾಕು.

ಎರಡನೆಯದು ಐಡಿ. ತೆರೆಯ ಮೇಲೆ ನಮಗೆ ‘ಖರೀದಿದಾರರು/ಪಾರ್ಚ್‌ಮೆಂಟ್’ ಎಂದು ಕಾಣುವ ಲೇಬಲ್, ಜಿಮೇಲ್‌ನ ಎಪಿಐಗೆ (ಬೇರೆ ಪ್ರೋಗ್ರಾಂಗಳು ಜಿಮೇಲ್ ಜೊತೆ ವ್ಯವಹರಿಸುವ ದಾರಿ) ‘ಲೇಬಲ್_12’ ಎಂಬಂಥ ಐಡಿ. ಹೆಸರು ಕೊಟ್ಟರೆ ಅದು ಒಪ್ಪುವುದಿಲ್ಲ. ‘ಮೊದಲು ಪಟ್ಟಿ ತರಿಸಿಕೋ, ಅದರಲ್ಲಿರುವ ಐಡಿಯನ್ನೇ ಬಳಸು, ಊಹಿಸಬೇಡ’ ಎಂದು ಹಚ್ಚುವ ಟೂಲಿನಲ್ಲೂ ಬಿಡಿಸುವ ಟೂಲಿನಲ್ಲೂ ಬರೆಯಿರಿ. ಹೆಸರಿನ ನಡುವಿನ ಓರೆಗೆರೆ ಒಳಲೇಬಲ್ಲಿನ ಗುರುತು ಎಂಬುದನ್ನೂ ಸೇರಿಸಿ.

ಮೂರನೆಯ ಹಂತವೇ ಕಠಿಣ, ಅದು ಕ್ರಿಯಾಪದ. ಕನ್ನಡದ ‘ತೆಗೆ’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಾಗಿಲು ತೆಗೆ ಎಂದರೆ ತೆರೆಯಬೇಕು, ಕಳೆ ತೆಗೆ ಎಂದರೆ ಬುಡಸಮೇತ ಕೀಳಬೇಕು, ಅಟ್ಟದ ಮೇಲಿನ ಚೀಲ ತೆಗೆ ಎಂದರೆ ಕೆಳಗಿಳಿಸಬೇಕು. ‘ಬಾಕಿ ಲೇಬಲ್ ತೆಗೆ’ ಎಂಬುದಕ್ಕೂ ಮೂರು ಅರ್ಥ: ಆ ಲೇಬಲ್ಲಿನ ಮೇಲ್‌ಗಳನ್ನು ತೋರಿಸು, ಈ ಮೇಲ್‌ನಿಂದ ಬಿಡಿಸು, ಲೇಬಲನ್ನೇ ಅಳಿಸು. ಹಾಗಾಗಿ ವಿವರಣೆಯಲ್ಲಿ ‘ತೆಗೆ’ ಎಂಬ ಪದ ಬರಲೇಕೂಡದು. ನಾನು ಬರೆಯುವುದು ಹೀಗೆ:

‘ಬಿಡಿಸು: ಆಯ್ದ ಮೇಲ್‌ಗಳಿಂದ ಮಾತ್ರ ಲೇಬಲನ್ನು ಬಿಡಿಸುತ್ತದೆ. ಲೇಬಲ್ ಉಳಿಯುತ್ತದೆ, ಬೇರೆ ಮೇಲ್‌ಗಳ ಮೇಲೂ ಹಾಗೆಯೇ ಇರುತ್ತದೆ. ಬಿಲ್ ಚುಕ್ತಾ ಆದಾಗ, ಹೋಂಸ್ಟೇ ಬುಕಿಂಗ್ ಮುಗಿದಾಗ ಇದನ್ನು ಬಳಸು. ಲೇಬಲ್ ಯಾವ ಮೇಲ್‌ಗೂ ಬೇಡವೆಂದರೆ ಇದಲ್ಲ.’

‘ಅಳಿಸು: ಲೇಬಲನ್ನು ಇಡೀ ಖಾತೆಯಿಂದ ಶಾಶ್ವತವಾಗಿ ಅಳಿಸುತ್ತದೆ. ಮೇಲ್‌ಗಳು ಉಳಿಯುತ್ತವೆ, ಅವುಗಳ ಮೇಲಿನ ಗುರುತು ಹೋಗುತ್ತದೆ. ಅದೇ ಹೆಸರಿನಲ್ಲಿ ಮತ್ತೆ ಮಾಡಿದರೂ ಹಳೆಯ ಗುರುತು ಮರಳುವುದಿಲ್ಲ. ಲೇಬಲ್ಲಿನ ಹೆಸರು, ಅದು ಎಷ್ಟು ಮೇಲ್‌ಗಳ ಮೇಲಿದೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆ. “ತೆಗೆ” ಎಂದಷ್ಟೇ ಹೇಳಿದ್ದರೆ ಇದನ್ನು ಬಳಸಬೇಡ, ಏನು ಮಾಡಬೇಕೆಂದು ಕೇಳು.’

‘ತೆಗೆ’ ಎಂಬ ಪದ ಬಳಕೆದಾರರ ಬಾಯಿಯ ಮಾತಾಗಿ ಉದ್ಧರಣ ಚಿಹ್ನೆಯೊಳಗೆ ಬರಬಹುದು, ನಿಮ್ಮ ಮಾತಾಗಿ ಬೇಡ. ಯಾವಾಗ ಬಳಸಬಾರದು ಎಂಬ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ರೈಟರ ಎರಡು ದಿನವನ್ನು ಉಳಿಸುತ್ತಿದ್ದುದು ಆ ಸಾಲೇ. ವಿವರಣೆಯೊಂದನ್ನೇ ನಂಬಿ ಕೂರಬೇಡಿ, ಒಪ್ಪಿಗೆಯಿಲ್ಲದೆ ಅಳಿಸದಂತೆ ಕೋಡಿನಲ್ಲೂ ತಡೆ ಹಾಕಿ.

ಕೋಡನ್ನು ಇನ್ನೊಂದು ಎಐಗೆ ಕೊಟ್ಟು ವಿವರಣೆ ಬರೆಸಿಕೊಳ್ಳುವ ಅಡ್ಡದಾರಿ ಈಗ ಎಲ್ಲೆಡೆ ಇದೆ. ನಾನು ನೋಡಿದಷ್ಟೂ ಕಡೆ ಅದು ಫಂಕ್ಷನ್ನಿನ ಹೆಸರನ್ನೇ ಹಿಗ್ಗಿಸಿ ವಾಕ್ಯ ಮಾಡಿ ಕೊಟ್ಟಿದೆ. ತೋಟದ ಕಚೇರಿಯಲ್ಲಿ ‘ತೆಗೆ’ ಎಂದರೆ ಏನೆಂದು ಕೋಡಿನಲ್ಲಿ ಬರೆದಿರುವುದಿಲ್ಲವಲ್ಲ.

ನಾಲ್ಕನೆಯದು ಜಿಮೇಲ್‌ನ ಸ್ವಂತ ಲೇಬಲ್‌ಗಳು, ಅವುಗಳ ವರ್ತನೆಯನ್ನೂ ವಿವರಣೆಯಲ್ಲಿ ಹೇಳಿ. ಇನ್‌ಬಾಕ್ಸ್ ಲೇಬಲ್ ಬಿಡಿಸಿದರೆ ಮೇಲ್ ಆರ್ಕೈವ್ ಆಗುತ್ತದೆ (ಇನ್‌ಬಾಕ್ಸ್‌ನಿಂದ ಮರೆಯಾದರೂ ಖಾತೆಯಲ್ಲಿ ಉಳಿಯುತ್ತದೆ), ಅನ್‌ರೆಡ್ ಬಿಡಿಸಿದರೆ ಓದಿದ ಲೆಕ್ಕ. ಸೆಂಟ್, ಡ್ರಾಫ್ಟ್ ಎರಡನ್ನೂ ನಾವಾಗಿ ಹಚ್ಚಲು ಬರುವುದಿಲ್ಲ.

ಮಿತಿಗಳಿಗೆ ಎರಡು ಸಾಲು ಸಾಕು. ಗುಂಪಾಗಿ ಬದಲಿಸುವಾಗ ಒಂದು ಸಲಕ್ಕೆ 1000 ಮೇಲ್ ಮಾತ್ರ. ಇಡೀ ಸಂಭಾಷಣೆಗೆ ಲೇಬಲ್ ಹಚ್ಚಿದರೆ ಆಗ ಅದರಲ್ಲಿರುವ ಮೇಲ್‌ಗಳಿಗಷ್ಟೇ ಅಂಟುತ್ತದೆ, ಆಮೇಲೆ ಬರುವ ಉತ್ತರಕ್ಕೆ ಮತ್ತೆ ಹಚ್ಚಬೇಕು.

ಕೊನೆಗೆ ಪರೀಕ್ಷೆ. ಕಚೇರಿಯ ಖಾತೆಯಲ್ಲಿ ಬೇಡ, ಬೇರೆ ಖಾತೆ ತೆರೆದು ಇಪ್ಪತ್ತು ಸುಳ್ಳು ಬಿಲ್ಲುಗಳನ್ನು ಕಳಿಸಿಕೊಳ್ಳಿ. ಆಜ್ಞೆಗಳನ್ನು ನೀವು ಬರೆಯಬೇಡಿ, ದಿನವೂ ಅದನ್ನು ಬಳಸುವವರ ಕೈಯಲ್ಲಿ ಬರೆಸಿ. ಹೊಸ ವಿವರಣೆ ಹಾಕಿದ ಮೇಲೆ ಅದೇ ರೈಟರು ‘ಬಾಕಿ ತೆಗೆ’ ಎಂದಷ್ಟೇ ಬರೆದರು. ಏಜೆಂಟ್ ಕೇಳಿತು: ‘ಬಾಕಿ ಇರುವ ಬಿಲ್ಲುಗಳನ್ನು ತೋರಿಸಲೇ, ಯಾವುದಾದರೂ ಬಿಲ್‌ನಿಂದ ಲೇಬಲ್ ಬಿಡಿಸಬೇಕೇ?’ ತೋರಿಸು ಎಂದರು ರೈಟರು.