ಒಳಾಂಗಣ ವಿನ್ಯಾಸದ ವ್ಯವಹಾರ: ನಿಯಮಿತ ಒಡನಾಟದಿಂದ ಕೆಲಸ ಪಡೆಯುವ ಬಗೆ

ಮನೆ ಕಟ್ಟಿಸುವವರು ಒಳಾಂಗಣ ವಿನ್ಯಾಸಕರನ್ನು ಹುಡುಕುವ ಹೊತ್ತಿಗೆ ಸಾಮಾನ್ಯವಾಗಿ ನಾಲ್ಕಾರು ಮಂದಿಯೊಡನೆ ವ್ಯವಹರಿಸಿರುತ್ತಾರೆ. ನಿವೇಶನ ತೋರಿಸಿದ ಮಧ್ಯವರ್ತಿ, ನಕ್ಷೆ ಬರೆದ ಆರ್ಕಿಟೆಕ್ಟ್, ಗೋಡೆ ಎಬ್ಬಿಸುತ್ತಿರುವ ಗುತ್ತಿಗೆದಾರ, ಟೈಲ್ಸ್ ಮಾರುವವರು, ವೈರಿಂಗ್ ಮಾಡುವವರು, ಹೀಗೆ ನಮಗಿಂತ ಮೊದಲೇ ಆ ಮನೆಯೊಳಗೆ ಕಾಲಿಟ್ಟವರಲ್ಲಿ ಯಾರಾದರೊಬ್ಬರು ಸೂಚಿಸುವ ಹೆಸರಿಗೆ ಜಾಹೀರಾತಿಗಿಲ್ಲದ ತೂಕವಿರುತ್ತದೆ. ಆದ್ದರಿಂದ ವ್ಯವಹಾರವನ್ನು ಬೆಳೆಸಬೇಕೆನ್ನುವವರು ಗ್ರಾಹಕರನ್ನು ತಮಗಿಂತ ಮೊದಲು ಕಾಣುವ ಇಂಥವರೊಡನೆ ನಿರಂತರ ಒಡನಾಟ ಇಟ್ಟುಕೊಳ್ಳಬೇಕು. ಇದು ಹೊಸ ಮಾತೇನಲ್ಲ. ನಟನೆಯನ್ನು ಬಿಟ್ಟು ಅಲಂಕರಣವನ್ನು ವೃತ್ತಿಯಾಗಿ ಹಿಡಿದ ಎಲ್ಸಿ ಡಿ ವುಲ್ಫ್ ಅವರಿಗೆ 1905ರಲ್ಲಿ ನ್ಯೂಯಾರ್ಕಿನ ಕಾಲೊನಿ ಕ್ಲಬ್ಬಿನ ಒಳಾಂಗಣದ ಕೆಲಸ ದೊರೆತದ್ದರ ಹಿಂದೆಯೂ ಆ ಕಟ್ಟಡದ ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ಅವರ ಬೆಂಬಲವಿತ್ತು.

ಮೊದಲು ಒಂದು ಪಟ್ಟಿ ಸಿದ್ಧಪಡಿಸಿಕೊಳ್ಳಿ. ನೂರಾರು ಹೆಸರುಗಳು ಬೇಡ. ನೆನಪಿಟ್ಟು ಮಾತನಾಡಿಸಬಲ್ಲ ಮೂವತ್ತು ಹೆಸರುಗಳಿದ್ದರೆ ಆರಂಭಕ್ಕೆ ಸಾಕು. ಪ್ರತಿ ಹೆಸರಿನ ಮುಂದೆ ಕೊನೆಯ ಬಾರಿ ಮಾತನಾಡಿದ ದಿನ, ಆಗ ಅವರು ಹೇಳಿದ ವಿಷಯ ಮತ್ತು ಮುಂದೆ ಮಾತನಾಡಬೇಕಾದ ದಿನವನ್ನು ಬರೆದಿಡಿ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಸಾಧಾರಣ ನೋಟ್‌ಬುಕ್ ಆಗುತ್ತದೆ.

ಆರ್ಕಿಟೆಕ್ಟ್ ಮತ್ತು ಗುತ್ತಿಗೆದಾರರನ್ನು ಕಾಣಲು ಹೋದ ಬಹುಮಂದಿ ತಮ್ಮ ಕೆಲಸದ ಅಂದವಾದ ಫೋಟೋಗಳನ್ನು ತೋರಿಸಿ ಹಿಂದಿರುಗುತ್ತಾರೆ. ಅವರಿಗೆ ಬೇಕಾಗಿರುವುದು ಬೇರೆಯೇ. ಸ್ವಿಚ್ಚು ಮತ್ತು ದೀಪಗಳ ಪಾಯಿಂಟು, ಅಡುಗೆಮನೆಯ ನೀರಿನ ಕೊಳವೆ, ಎ.ಸಿ.ಯಿಂದ ನೀರು ಹರಿದುಹೋಗುವ ಪೈಪು, ಇವುಗಳ ಜಾಗ ಪ್ಲಾಸ್ಟರಿಂಗಿಗೆ ಮುನ್ನವೇ ನಿರ್ಧಾರವಾಗದಿದ್ದರೆ ಮುಗಿದ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ, ಮತ್ತು ಆ ಖರ್ಚನ್ನು ಯಾರು ಭರಿಸಬೇಕೆಂಬ ತಕರಾರು ಗುತ್ತಿಗೆದಾರರ ತಲೆಗೇ ಬರುತ್ತದೆ. ಹಿಂದಿನ ಯೋಜನೆಯೊಂದರ ಎಲೆಕ್ಟ್ರಿಕಲ್ ನಕ್ಷೆಯನ್ನು, ಗ್ರಾಹಕರ ವಿವರಗಳನ್ನು ಅಳಿಸಿ, ಅವರ ಮುಂದಿಟ್ಟು, ಇಂಥ ನಕ್ಷೆಯನ್ನು ಕೆಲಸದ ಯಾವ ಹಂತದಲ್ಲಿ ಕೊಡುತ್ತೀರೆಂದು ತಿಳಿಸಿದರೆ ಅದು ಹತ್ತು ಫೋಟೋಗಳಿಗಿಂತ ಹೆಚ್ಚು ಮಾತನಾಡುತ್ತದೆ. ಆರ್ಕಿಟೆಕ್ಟರ ಅಳುಕು ಮತ್ತೊಂದು ಬಗೆಯದು: ಹೊಸದಾಗಿ ಬಂದ ವಿನ್ಯಾಸಕರು ಮನೆಯವರ ಎದುರಿಗೇ ತಮ್ಮ ನಕ್ಷೆಯಲ್ಲಿ ಹುಳುಕು ಹುಡುಕಿಯಾರೆಂಬುದು. ಬದಲಾವಣೆ ಅಗತ್ಯವೆನಿಸಿದರೆ ಮೊದಲು ಅವರೊಡನೆಯೇ ಚರ್ಚಿಸುವುದಾಗಿ ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು, ಹೇಳಿದಂತೆ ನಡೆದುಕೊಳ್ಳುವುದು ಇನ್ನೂ ಒಳ್ಳೆಯದು.

ವಾರದಲ್ಲಿ ಎರಡು ಗಂಟೆಯನ್ನು ಈ ಕೆಲಸಕ್ಕೆಂದೇ ಮೀಸಲಿಡಿ, ಕೈತುಂಬ ಕೆಲಸವಿರುವಾಗಲೂ ಅದನ್ನು ತಪ್ಪಿಸಬೇಡಿ. ಮೊದಲ ಪರಿಚಯದಿಂದ ಮುಂಗಡ ಹಣ ಕೈಸೇರುವವರೆಗೆ ಎಷ್ಟೋ ತಿಂಗಳು ಕಳೆಯುವುದುಂಟು. ಹೀಗಾಗಿ ಬಿಡುವಿಲ್ಲವೆಂದು ಇಂದು ಕೈಬಿಟ್ಟ ಸಂಪರ್ಕದ ಪರಿಣಾಮ ಈಗಿನ ಯೋಜನೆಗಳೆಲ್ಲ ಮುಗಿದು ಹೊಸದೊಂದೂ ಇಲ್ಲದ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಗಾಬರಿಯಿಂದ ಎಲ್ಲರಿಗೂ ಒಮ್ಮೆಲೇ ಕರೆಮಾಡಿದರೆ ಕೇಳಿದವರಿಗೆ ಆ ಗಾಬರಿಯೂ ಕೇಳಿಸುತ್ತದೆ.

ಕಳುಹಿಸುವ ಸಂದೇಶ ಚಿಕ್ಕದಾಗಿರಲಿ, ಅದನ್ನು ಪಡೆಯುವವರ ಕೆಲಸಕ್ಕೆ ಸಂಬಂಧಿಸಿರಲಿ. “ಮೆಟ್ಟಿಲಿನ ಕೆಳಗಿನ ಜಾಗವನ್ನು ಏನು ಮಾಡುವುದೆಂದು ಆ ದಿನ ಕೇಳಿದ್ದಿರಿ. ಅಂಥದ್ದೇ ಜಾಗದಲ್ಲಿ ಮಾಡಿಸಿದ ಕಪಾಟಿನ ಅಳತೆಗಳನ್ನು ಕಳುಹಿಸಿದ್ದೇನೆ, ಉಪಯೋಗವಾದರೆ ಬಳಸಿಕೊಳ್ಳಿ” ಎಂಬಷ್ಟು ಸಾಕು. ಹಬ್ಬದ ಶುಭಾಶಯದ ಚಿತ್ರಗಳನ್ನು ಸಾಮೂಹಿಕವಾಗಿ ಕಳುಹಿಸುವುದನ್ನು ಸಂಪರ್ಕವೆಂದು ಲೆಕ್ಕಹಾಕದಿರಿ. ಪರಿಚಯವೇ ಇಲ್ಲದವರಿಗೆ ಒಂದು ಪತ್ರ, ಉತ್ತರ ಬಾರದಿದ್ದರೆ ಕೆಲವು ವಾರಗಳ ನಂತರ ಒಂದು ನೆನಪೋಲೆ, ಅಲ್ಲಿಗೆ ನಿಲ್ಲಿಸಿ.

ಹಳೆಯ ಗ್ರಾಹಕರನ್ನು ಮರೆಯುವಷ್ಟು ಸುಲಭವಾಗಿ ಬೇರೆ ಯಾರನ್ನೂ ನಾವು ಮರೆಯುವುದಿಲ್ಲ. ಮನೆ ಒಪ್ಪಿಸಿ ಮೂರು ತಿಂಗಳಾದಾಗ ಒಮ್ಮೆ ಮತ್ತು ವರ್ಷ ತುಂಬಿದಾಗ ಮತ್ತೊಮ್ಮೆ ಹೋಗಿ, ಸಡಿಲವಾದ ಹಿಂಜು, ತೇವಕ್ಕೆ ಉಬ್ಬಿ ಬಿಗಿಯಾದ ಬಾಗಿಲು, ಸರಾಗವಾಗಿ ಜಾರದ ಡ್ರಾಯರುಗಳನ್ನು ನೋಡಿ ಸರಿಪಡಿಸಿಕೊಡಿ. ಮನೆಯವರ ಲಿಖಿತ ಒಪ್ಪಿಗೆ ಪಡೆದು ಫೋಟೋ ತೆಗೆಯುವುದಕ್ಕೂ ಅದೇ ತಕ್ಕ ಸಮಯ, ಏಕೆಂದರೆ ಜನ ವಾಸಿಸುತ್ತಿರುವ ಕೋಣೆಯೇ ಮುಂದಿನ ಗ್ರಾಹಕರಿಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆ ಫೋಟೋಗಳನ್ನು ಪ್ರಕಟಿಸುವಾಗ ಆರ್ಕಿಟೆಕ್ಟ್, ಬಡಗಿ, ಛಾಯಾಗ್ರಾಹಕರ ಹೆಸರುಗಳನ್ನೂ ಅವರ ಅನುಮತಿಯೊಂದಿಗೆ ಸೇರಿಸಿದರೆ ಅವರೂ ಅದನ್ನು ತಮ್ಮವರಿಗೆ ತೋರಿಸುತ್ತಾರೆ. “ಯಾರಿಗಾದರೂ ಹೇಳಿ” ಎಂಬ ಕೋರಿಕೆ ಗಾಳಿಯಲ್ಲಿ ಹೋಗುತ್ತದೆ; “ನಿಮ್ಮ ಕಟ್ಟಡದಲ್ಲಿ ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿರುವವರು ಇದ್ದರೆ ನನ್ನ ನಂಬರ್ ಕೊಡುವಿರಾ” ಎಂದು ಕೇಳಿದರೆ ಗ್ರಾಹಕರಿಗೆ ಒಂದು ಮುಖ ನೆನಪಾಗುತ್ತದೆ.

ಸಭೆ, ಪ್ರದರ್ಶನಗಳಲ್ಲಿ ಕಾರ್ಡು ಹಂಚುವುದರಿಂದ ಹೆಚ್ಚಿನ ಫಲವಿಲ್ಲ. ಆದರೂ ಹೋಗಬೇಕು: ಹೊಸ ಮಾಹಿತಿ ನಮ್ಮ ಆಪ್ತ ವಲಯದಿಂದ ಬರುವುದಕ್ಕಿಂತ ದೂರದ ಪರಿಚಯಗಳಿಂದ ಬರುವುದು ಹೆಚ್ಚೆಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದಲ್ಲವೇ? ಇಬ್ಬರೊಡನೆ ಸಾವಧಾನವಾಗಿ ಮಾತನಾಡಿ, ಎರಡು ದಿನಗಳೊಳಗೆ ಅವರಿಗೆ ಒಂದು ಸಾಲು ಬರೆಯಿರಿ. ವೃತ್ತಿಪರ ಸಂಘದ ಸದಸ್ಯರಾಗಿದ್ದರೆ ಅದರ ಯಾವುದಾದರೊಂದು ಸಮಿತಿಯಲ್ಲಿ ಕೆಲಸ ವಹಿಸಿಕೊಳ್ಳಿ. ಜೊತೆಗೆ ದುಡಿದವರ ಗುಣ ಭಾಷಣ ಕೇಳಿದವರಿಗಿಂತ ಜೊತೆಗಾರರಿಗೆ ಚೆನ್ನಾಗಿ ತಿಳಿಯುತ್ತದೆ.

ಶಿಫಾರಸಿಗೆ ಕಮಿಷನ್ ಕೊಡುವ, ಅಂಗಡಿಯವರಿಂದ ಕಮಿಷನ್ ಪಡೆಯುವ ಪದ್ಧತಿ ಈ ವ್ಯವಹಾರದಲ್ಲಿ ಉಂಟು. ಸಾಧ್ಯವಿದ್ದರೆ ಅದರಿಂದ ದೂರವಿರುವುದೇ ಲೇಸೆಂಬುದು ನನ್ನ ಅಭಿಪ್ರಾಯ. ದೂರವಿರಲಾಗದಿದ್ದರೆ ಕರಾರುಪತ್ರದಲ್ಲೇ ಗ್ರಾಹಕರಿಗೆ ತಿಳಿಸಿಬಿಡಬೇಕು.

ಬಂದ ಪ್ರತಿ ವಿಚಾರಣೆಯ ಮುಂದೆ ಅದು ಯಾರ ಮೂಲಕ ಬಂತೆಂದು ಬರೆದಿಟ್ಟು, ಆರು ತಿಂಗಳಿಗೊಮ್ಮೆ ಆ ಪುಟಗಳನ್ನು ತಿರುವಿಹಾಕಿ. ಕೆಲಸ ಕಳುಹಿಸಿದವರಿಗೆ, ಆ ಕೆಲಸ ನಿಮಗೆ ಸಿಗದೆ ಹೋಗಿದ್ದರೂ, ಏನಾಯಿತೆಂದು ತಿಳಿಸಿ ಕೃತಜ್ಞತೆ ಹೇಳಿ. ಹಲವು ಬಾರಿ ಮಾತನಾಡಿಸಿದರೂ ಸ್ಪಂದಿಸದವರ ಹೆಸರನ್ನು ಹೊಡೆದುಹಾಕಿ, ಆ ಜಾಗದಲ್ಲಿ ಇತ್ತೀಚೆಗೆ ಪರಿಚಯವಾದ ಒಬ್ಬರ ಹೆಸರನ್ನು ಬರೆದುಕೊಳ್ಳಿ.