ಚಪ್ಪಟೆ ಹುಳು ಸಾಕಿ, ಬಾಲಕ್ಕೆ ತಲೆ ಬೆಳೆಯುವುದನ್ನು ನೋಡುವುದು ಹೇಗೆ?

ಪ್ಲನೇರಿಯ ಅನ್ನುವ ಚಪ್ಪಟೆ ಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳುಗಳಾಗುತ್ತವೆ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅದನ್ನು ಮನೆಯಲ್ಲೇ ನೋಡಬಹುದು. ಮೈಕ್ರೋಸ್ಕೋಪ್ ಬೇಕೇಬೇಕು ಅಂತಿಲ್ಲ, ಒಳ್ಳೆಯ ಭೂತಗನ್ನಡಿ ಸಾಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕತ್ತರಿಸುವುದು ಅರ್ಧ ನಿಮಿಷದ ಕೆಲಸ. ನೀರನ್ನು ಚೊಕ್ಕವಾಗಿಡುವುದೇ ನಿಜವಾದ ಕೆಲಸ, ಪ್ರಯೋಗ ಕೆಡುವುದೂ ಹೆಚ್ಚಾಗಿ ಅಲ್ಲೇ.

ಹುಡುಕುವುದು

ನಿಧಾನವಾಗಿ ಹರಿಯುವ ತೊರೆ, ಗಿಡ ಬೆಳೆದಿರುವ ಕೊಳದ ಅಂಚು, ಇಂಥ ಕಡೆ ನೀರೊಳಗಿನ ಕಲ್ಲನ್ನು ಎತ್ತಿ ಅದರ ತಳ ನೋಡಿ. ಈ ಹುಳುಗಳಿಗೆ ಬೆಳಕು ಆಗುವುದಿಲ್ಲ, ಹಗಲಲ್ಲಿ ಅಡಗಿರುತ್ತವೆ. ನೀರಿನಿಂದ ಹೊರಗೆ ಸುಮ್ನೆ ಕಂದು ಲೋಳೆಯ ಹನಿಯ ಹಾಗೆ ಕಾಣುತ್ತವೆ, ಹಾಗಾಗಿ ಅನುಮಾನ ಬಂದದ್ದನ್ನು ಬಿಳಿ ತಟ್ಟೆಯ ನೀರಿಗೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಒಂದೆರಡು ಸೆಂಟಿಮೀಟರಿನೊಳಗಿನ ಉದ್ದ, ಚಪ್ಪಟೆ ಮೈ, ತಲೆಯ ಮೇಲೆ ಮೆಳ್ಳೆಗಣ್ಣಿನಂಥ ಎರಡು ಚುಕ್ಕೆ ಕಂಡರೆ ಅದೇ. ಜಿಗಣೆಯಾದರೆ ಮೈಮೇಲೆ ಉಂಗುರಗಳಿರುತ್ತವೆ, ಎರಡು ತುದಿಯಲ್ಲೂ ಹೀರುಬಟ್ಟಲಿರುತ್ತದೆ, ಮೈಯನ್ನು ಕಮಾನು ಮಾಡಿ ನಡೆಯುತ್ತದೆ. ಪ್ಲನೇರಿಯ ಹಾಗಲ್ಲ, ಜಾರಿಕೊಂಡು ಹೋಗುತ್ತದೆ. ಹೊಟ್ಟೆಯ ಕಡೆ ಇರುವ ಸಣ್ಣ ಸಣ್ಣ ರೋಮಗಳು ಅದನ್ನು ಲೋಳೆಯ ಮೇಲೆ ತಳ್ಳುತ್ತಿರುತ್ತವೆ.

ಸಿಗದಿದ್ದರೆ ಹಸಿ ಲಿವರ್‌ನ ಚೂರೊಂದನ್ನು ದಾರಕ್ಕೆ ಕಟ್ಟಿ ಸಂಜೆ ಕಲ್ಲಿನ ಕೆಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಎತ್ತಿ ನೋಡಿ. ವಾಸನೆಗೆ ಬರುತ್ತವೆ.

ಲಾಡಿಹುಳುವೂ ಇದೇ ಗುಂಪಿನದು ನಿಜ, ಆದರೆ ಪ್ಲನೇರಿಯ ನಮ್ಮ ಮೈಯಲ್ಲಿ ಬದುಕುವ ಪ್ರಾಣಿಯಲ್ಲ. ಕೈ ತೊಳೆದುಕೊಳ್ಳಬೇಕಾದದ್ದು ಆ ನೀರಿನಲ್ಲಿ ಬೇರೆ ಏನಿದೆಯೋ ಅನ್ನುವ ಕಾರಣಕ್ಕೆ. ನೀರಿನ ಬಸವನಹುಳುಗಳ ಮೂಲಕ ಶಿಸ್ಟೊಸೋಮಿಯಾಸಿಸ್ ಅನ್ನುವ ರೋಗ ಹರಡುವ ಪ್ರದೇಶವಾದರೆ ನೀರಿಗೆ ಇಳಿಯಲೇಬೇಡಿ. ಅದನ್ನು ತರುವುದೂ ಒಂದು ಚಪ್ಪಟೆ ಹುಳುವೇ!

ನೀರು ಮತ್ತು ಊಟ

ಗಾಜಿನ ಬಟ್ಟಲು, ಸಡಿಲವಾದ ಮುಚ್ಚಳ, ಕತ್ತಲೆಯ ಜಾಗ, ಸುಮಾರು 20 ಡಿಗ್ರಿ ಸೆಲ್ಸಿಯಸ್. ನೀರು ಹುಳು ಸಿಕ್ಕಿದ ಜಾಗದ್ದೇ ಆದರೆ ಒಳ್ಳೆಯದು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ (ಕ್ಲೋರಿನ್ ಬದಲು ಕೆಲವು ಕಡೆ ಬಳಸುವ ಕ್ಲೋರಮಿನ್ ಹಾಕಿದ ನೀರು ಹೀಗೆ ಸರಿಹೋಗುವುದಿಲ್ಲ, ಅದು ಬೇಡ). ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಬೇಡ, ಅದರಲ್ಲಿ ಲವಣವೇ ಇರುವುದಿಲ್ಲ. ಬಟ್ಟಲಿಗೆ ಸೋಪು ಮುಟ್ಟಿಸಬೇಡಿ.

ವಾರಕ್ಕೊಮ್ಮೆ ಸಾಸಿವೆಯಷ್ಟು ಲಿವರ್ ಅಥವಾ ಬೇಯಿಸಿದ ಮೊಟ್ಟೆಯ ಹಳದಿ ಹಾಕಿ. ಭೂತಗನ್ನಡಿ ತೆಗೆಯಬೇಕಾದದ್ದು ಆಗಲೇ. ಹುಳು ಊಟದ ಮೇಲೆ ಹತ್ತಿ ಕೂರುತ್ತದೆ, ಹೊಟ್ಟೆಯ ನಡುವಿನಿಂದ ಬಿಳಿ ಕೊಳವೆಯೊಂದು ಹೊರಗೆ ಬಂದು ಹೀರತೊಡಗುತ್ತದೆ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯಲ್ಲಿ. ಗುದದ್ವಾರ ಇಲ್ಲವೇ ಇಲ್ಲ, ಒಳಗೆ ಹೋದದ್ದರಲ್ಲಿ ಬೇಡವಾದದ್ದು ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೃದಯ, ರಕ್ತ, ಕಿವಿರು ಯಾವುದೂ ಇಲ್ಲ, ಆಮ್ಲಜನಕ ಚರ್ಮದ ಮೂಲಕವೇ ಪ್ರತಿ ಜೀವಕೋಶಕ್ಕೂ ಇಳಿಯಬೇಕು. ಮೈ ಇಷ್ಟು ತೆಳ್ಳಗಿದ್ದರೇ ಅದು ಸಾಧ್ಯ.

ಒಂದೆರಡು ಗಂಟೆಯಲ್ಲಿ ಉಳಿದ ಚೂರು ತೆಗೆದು ನೀರು ಬದಲಿಸಿ, ಗಾಜಿಗೆ ಅಂಟಿದ ಲೋಳೆ ಒರೆಸಿ. ಇದನ್ನು ನಾಳೆಗೆ ಇಟ್ಟುಕೊಂಡರೆ ನೀರು ಕೊಳೆತು ಹುಳು ಸಾಯುತ್ತದೆ. ಉಪವಾಸಕ್ಕೆ ಮಾತ್ರ ಸುಲಭವಾಗಿ ಸಾಯುವುದಿಲ್ಲ. ವಾರಗಟ್ಟಲೆ ಊಟವಿಲ್ಲದಿದ್ದರೆ ತನ್ನ ಮೈಯನ್ನೇ ಕರಗಿಸಿಕೊಂಡು ಚಿಕ್ಕದಾಗುತ್ತದೆ, ಊಟ ಸಿಕ್ಕಾಗ ಮತ್ತೆ ಬೆಳೆಯುತ್ತದೆ.

ಕತ್ತರಿಸುವುದು

ಒಂದು ವಾರ ಮೊದಲೇ ಊಟ ನಿಲ್ಲಿಸಿ. ಹೊಟ್ಟೆ ತುಂಬಿದ ಹುಳುವನ್ನು ಕೊಯ್ದರೆ ಒಳಗಿನದು ಹೊರಬಂದು ನೀರು ಕೆಡುತ್ತದೆ. ಐಸ್ ಮೇಲೆ ಒಂದು ತಟ್ಟೆ, ಅದರಲ್ಲಿ ಒದ್ದೆ ಫಿಲ್ಟರ್ ಪೇಪರ್, ಅದರ ಮೇಲೆ ಮೆತ್ತನೆಯ ಬ್ರಷ್‌ನಿಂದ ಹುಳುವನ್ನು ಇಳಿಸಿ. ತಣ್ಣಗಾದ ಹುಳು ಮಂದವಾಗುತ್ತದೆ. ಹೊಸ ಬ್ಲೇಡ್‌ನಿಂದ ನಡುವೆ ಅಡ್ಡಕ್ಕೆ ಒಂದೇ ಸಲ ಒತ್ತಿ, ಗರಗಸದ ಹಾಗೆ ಎಳೆಯಬೇಡಿ. ಮೊದಲ ಸಲಕ್ಕೆ ಇಷ್ಟೇ ಸಾಕು, ಎರಡು ತಲೆ ಮಾಡುವ ಆಸೆ ಆಮೇಲಿರಲಿ. ತುಂಡುಗಳನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟು ತಾರೀಕು ಬರೆಯಿರಿ. ಊಟ ಬೇಡ, ತಿನ್ನಲು ಬಾಯಿಯಾದರೂ ಇರಬೇಕಲ್ವಾ?

ಗಾಯ ಬೇಗ ಬಿಗಿದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಕೊಯ್ದ ಕಡೆ ಬಣ್ಣವಿಲ್ಲದ ಮೊಗ್ಗು ಕಾಣುತ್ತದೆ. ಹತ್ತಿರ ಹತ್ತಿರ ಒಂದು ವಾರಕ್ಕೆ ಬಾಲದ ತುಂಡಿನಲ್ಲಿ ಎರಡು ಕಪ್ಪು ಚುಕ್ಕೆ ಮೂಡುತ್ತವೆ: ಕಣ್ಣು. ಎರಡು ವಾರದ ಹೊತ್ತಿಗೆ ಚಿಕ್ಕದಾದರೂ ಪೂರ್ತಿ ಹುಳು. ಚಳಿ ಇದ್ದರೆ ತಡವಾಗುತ್ತದೆ.

ಈ ಕೆಲಸವೆಲ್ಲ ನಿಯೋಬ್ಲಾಸ್ಟ್ ಅನ್ನುವ ಕಾಂಡಕೋಶಗಳದು (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲವು). ಮೈಯಲ್ಲೆಲ್ಲ ಹರಡಿರುತ್ತವೆ. ಬೆಳೆದ ಹುಳುವಿನಲ್ಲಿ ವಿಭಜನೆಯಾಗುವ ದೇಹಕೋಶಗಳು ಇವಷ್ಟೇ. 2011ರಲ್ಲಿ ವಿಜ್ಞಾನಿಗಳು ವಿಕಿರಣದಿಂದ ಹುಳುಗಳ ನಿಯೋಬ್ಲಾಸ್ಟ್‌ಗಳನ್ನೆಲ್ಲ ಕೊಂದು, ಬೇರೆ ಹುಳುವಿನಿಂದ ತೆಗೆದ ಒಂದೇ ಒಂದು ನಿಯೋಬ್ಲಾಸ್ಟನ್ನು ಒಂದೊಂದಕ್ಕೂ ಸೇರಿಸಿದರು. ಸಾಯಬೇಕಿದ್ದ ಆ ಹುಳುಗಳಲ್ಲಿ ಕೆಲವು ಬದುಕಿಕೊಂಡವು! ಹಣ್ಣುನೊಣಗಳ ಪ್ರಯೋಗದಿಂದ ಹೆಸರಾದ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಇವೇ ಹುಳುಗಳನ್ನು ಕೊಯ್ಯುತ್ತಿದ್ದರು. ಇಡೀ ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ಚೂರೂ ಬೆಳೆಯಬಲ್ಲದು ಅಂತ ಲೆಕ್ಕ ಕೊಟ್ಟವರು ಅವರೇ.

ತಲೆ ಎಲ್ಲಿ, ಬಾಲ ಎಲ್ಲಿ ಅನ್ನುವುದನ್ನು ಹೇಳುವುದು ಡಬ್ಲ್ಯುಎನ್‌ಟಿ (Wnt) ಅನ್ನುವ, ಜೀವಕೋಶಗಳು ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂಕೇತ. ಬಾಲದ ಕಡೆ ಜಾಸ್ತಿ, ತಲೆಯ ಕಡೆ ಕಡಿಮೆ. 2008ರಲ್ಲಿ ಅದನ್ನು ತಡೆದು ನೋಡಿದಾಗ ಬಾಲದ ಜಾಗದಲ್ಲೂ ತಲೆಯೇ ಬಂತು. ಡೆಂಡ್ರೊಸೀಲಮ್ ಲ್ಯಾಕ್ಟಿಯಮ್ ಅನ್ನುವ ಹಾಲುಬಿಳಿ ಜಾತಿಯಲ್ಲಿ ಬಾಲದ ತುಂಡಿಗೆ ತಲೆ ಬರುವುದೇ ಇಲ್ಲ. 2013ರಲ್ಲಿ ಇದೇ ಸಂಕೇತವನ್ನು ತಗ್ಗಿಸಿದಾಗ ಅದಕ್ಕೂ ತಲೆ ಬಂತು. ಹಾಗಾಗಿ ನಿಮಗೆ ಸಿಕ್ಕಿದ್ದು ಬಿಳಿ ಹುಳುವಾಗಿದ್ದು ಬಾಲ ಹಾಗೇ ಕೂತಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲದೆ ಇರಬಹುದು.

ಅದೇ ನೀರಿನ ಗಿಡದ ಮೇಲೆ ಎಳೆ ಎಳೆ ಕೈಗಳ ಹೈಡ್ರಾ ಸಿಕ್ಕರೆ ಬೇರೆ ಬಟ್ಟಲಲ್ಲಿಡಿ. ಅದು ಜೆಲ್ಲಿಮೀನಿನ ನೆಂಟ, ಮಿದುಳೇ ಇಲ್ಲ, ಡಾಫ್ನಿಯ ಅನ್ನುವ ನೀರಿನ ಸಣ್ಣ ಪ್ರಾಣಿಯಂಥ ಜೀವಂತ ಬೇಟೆ ಬೇಕು. ಅದೂ ತುಂಡಿನಿಂದ ಬೆಳೆಯುತ್ತದೆ.

ಕೊನೆಗೆ, ಕೊಂಡು ತಂದ ಹುಳುಗಳನ್ನು ಕೆರೆಗೂ ತೊರೆಗೂ ಬಿಡಬೇಡಿ. ಉತ್ತರ ಅಮೆರಿಕದ ಜಿರಾರ್ಡಿಯ ಟೈಗ್ರಿನ ಅನ್ನುವ ಪ್ಲನೇರಿಯ ಯುರೋಪಿನಲ್ಲೆಲ್ಲ ಹರಡಿಕೊಂಡಿದೆ. ಬದಲಿಸಿದ ನೀರಿನಲ್ಲಿ ಒಂದು ಚೂರು ಉಳಿದಿದ್ದರೂ ಸಾಕು, ಅದರಿಂದ ಹುಳುವಾಗಬಹುದು. ಚೆಲ್ಲುವ ಮೊದಲು ಆ ನೀರನ್ನು ಕುದಿಸಿ.