ಮುಹೂರ್ತಕ್ಕೆ ಐವತ್ತು: ಸಂಘದ ಡಬ್ಬಿ ತುಂಬಿದ ವರ್ಷ

ಧನುರ್ಮಾಸ ಹಿಡಿದಿದೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಫ್ಲ್ಯಾಷ್‌ಗಳೆಲ್ಲ ಚೀಲದಲ್ಲಿ ಮಲಗಿವೆ. ದಾವಣಗೆರೆಯ ಛಾಯಾಗ್ರಾಹಕನಿಗೆ ಕೂತು ಲೆಕ್ಕ ಬರೆಯಲು ಇದೇ ಹೊತ್ತು. ನಮ್ಮ ಛಾಯಾಗ್ರಾಹಕರ ಸಂಘದ ಅಧ್ಯಕ್ಷನಾಗಿ ನನಗೆ ಎರಡನೆಯ ವರ್ಷ ಮುಗಿಯುತ್ತಿದೆ. ಕಷ್ಟಕ್ಕೆ ಸಿಕ್ಕ ಸದಸ್ಯರ ಕೈಹಿಡಿಯಲು ನಾವು ಕಟ್ಟಿದ ಸಂಕಷ್ಟ ನಿಧಿ ಮೂರು ತಿಂಗಳೂ ನಡೆಯುವುದಿಲ್ಲ ಎಂದು ಊಟದ ಪಂದ್ಯ ಕಟ್ಟಿದವರು ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಇಬ್ಬರು ಇನ್ನೂ ಊಟ ಹಾಕಿಸಿಲ್ಲ. ಹರಿಹರ, ಚನ್ನಗಿರಿ ಕಡೆಯ ಗೆಳೆಯರು ಫೋನು ಮಾಡಿ ‘ಹೇಗೆ ಮಾಡಿದಿರಿ’ ಎಂದು ಕೇಳುತ್ತಲೇ ಇರುವುದರಿಂದ ಒಮ್ಮೆಗೇ ಬರೆದುಬಿಡುತ್ತೇನೆ.

ಪುಸ್ತಕದಲ್ಲಿ ನಮ್ಮ ಸದಸ್ಯರು 190ರ ಆಸುಪಾಸು. ವರ್ಷದ ವಂತಿಗೆ 500 ರೂಪಾಯಿ. ಎಲ್ಲರೂ ಕೊಟ್ಟರೆ 95 ಸಾವಿರ ಆಗಬೇಕು. ಮೊದಲ ವರ್ಷ ಬಂದದ್ದು 21 ಸಾವಿರ. ಅದಕ್ಕಾಗಿ ಖಜಾಂಚಿಯೂ ನಾನೂ ಒಂದೇ ಬೈಕಿನಲ್ಲಿ ಮಂಡಿಪೇಟೆಯಿಂದ ಹದಡಿ ರಸ್ತೆಯವರೆಗೆ ಸ್ಟುಡಿಯೊ ಮೆಟ್ಟಿಲು ಹತ್ತಿಳಿದೆವು. ಎಲ್ಲ ಕಡೆ ಚಹಾ ಸಿಕ್ಕಿತು, ಹಣ ಮಾತ್ರ ‘ಅಮಾವಾಸ್ಯೆ ಕಳೆಯಲಿ ಅಧ್ಯಕ್ಷರೇ’. ವಾಟ್ಸ್‌ಆ್ಯಪ್ ಗುಂಪಿಗೆ ಕ್ಯೂಆರ್ ಕೋಡ್ ಹಾಕಿದೆ. ಕೈ ಮುಗಿದ ಚಿತ್ರಗಳು ಎಂಬತ್ತು ಬಂದವು, ಹಣ ಹನ್ನೊಂದು ಜನರದ್ದು. ಜಾಹೀರಾತು ಹಿಡಿದು ಕ್ಯಾಲೆಂಡರ್ ಮಾಡಿಸಿದೆವು. ಅದು ಅಚ್ಚಾಗಿ ಕೈಗೆ ಬಂದಾಗ ಜನವರಿ 20 ದಾಟಿತ್ತು. ಜನವರಿ 20ಕ್ಕೆ ಯಾರ ಗೋಡೆಯಲ್ಲಿ ಮೊಳೆ ಖಾಲಿ ಇರುತ್ತದೆ? 14 ಸಾವಿರ ಕೈಬಿಟ್ಟಿತು. ಉಳಿದ ಕಟ್ಟುಗಳು ನನ್ನ ಸ್ಟುಡಿಯೊದ ಅಟ್ಟದಲ್ಲಿವೆ, ಹಿಂಬದಿ ಬಿಳಿ ಇರುವುದರಿಂದ ಲೆಕ್ಕ ಬರೆಯಲು ಒದಗುತ್ತಿವೆ.

ಅದೇ ವರ್ಷ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನವನ್ನು ಅದ್ದೂರಿಯಾಗಿ ಮಾಡಿದೆವು. ಶಾಲು, ಹಾರ, ಫಲಕ, ಊಟ ಸೇರಿ 62 ಸಾವಿರ. ದಾನಿಗಳು ಅಷ್ಟಿಷ್ಟು ಕೊಟ್ಟರು, ಉಳಿದದ್ದು ಸಂಘದ ಗಂಟು. ಮೂರು ವಾರ ಕಳೆದಿರಲಿಲ್ಲ, ಅಂದು ಸನ್ಮಾನ ಮಾಡಿಸಿಕೊಂಡವರಲ್ಲೇ ಒಬ್ಬ ಬೆಳಿಗ್ಗೆ ಏಳಕ್ಕೆ ನನ್ನ ಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕ್ಯಾಮೆರಾ, ಅದನ್ನು ಸುತ್ತಿದ್ದು ನಾವು ಹೊದಿಸಿದ ಶಾಲು. ಹಿಂದಿನ ದಿನ ಅರಿಶಿನ ಶಾಸ್ತ್ರದಲ್ಲಿ ಹುಡುಗರ ಗುಂಪು ತಂಬಿಗೆ ಎತ್ತಿ ಸುರಿದದ್ದು ಮದುಮಗನ ಮೇಲೆ ಬೀಳದೆ ಇವನ ಮೇಲೆ ಬಿದ್ದಿತ್ತು. ಲೆನ್ಸ್ ತಿರುಗಿಸಿ ಬಿಚ್ಚಿದರೆ ಒಳಗೆ ಲೋಹದ ಬಳೆಯ ಸುತ್ತ ಹಳದಿ ಗೆರೆ. ಸೆನ್ಸರ್ ಮೇಲೆ ಒಣಗಿದ ಅರಿಶಿನದ ಪೊರೆ. ಬ್ಯಾಟರಿ ತೆಗೆದಾಗ ಒಂದು ಅಕ್ಕಿ ಕಾಳು ಟಪ್ಪೆಂದು ನೆಲಕ್ಕೆ ಬಿತ್ತು. ತೇವ ಹೀರಲಿ ಎಂದು ರಾತ್ರಿಯೆಲ್ಲ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದನಂತೆ. ಬೆಂಗಳೂರಿನಲ್ಲಿ ರಿಪೇರಿಗೆ 38 ಸಾವಿರ ಎಂದರು. ಆ ತಿಂಗಳು ಅವನಿಗೆ ಇನ್ನೂ ನಾಲ್ಕು ಆರ್ಡರ್ ಇದ್ದವು. ಸಂಘದ ಖಾತೆಯಲ್ಲಿ ಇದ್ದದ್ದು 1,800 ರೂಪಾಯಿ. ಶಾಲು ಕೊಡಲು ಹಣವಿದ್ದ ಸಂಘಕ್ಕೆ ಅದರೊಳಗಿನ ಕ್ಯಾಮೆರಾ ಉಳಿಸಲು ಹಣವಿರಲಿಲ್ಲ. ನನಗೆ ಅಂದು ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಉಪಾಯ ಹೊಳೆದದ್ದು ಆಲ್ಬಂ ಲ್ಯಾಬಿನ ಬೆಂಚಿನ ಮೇಲೆ, ನನ್ನ ಸರದಿಗೆ ಕಾಯುತ್ತಿದ್ದಾಗ. ಎಷ್ಟು ಆರ್ಡರ್ ಮಾಡಿದೆ ಎಂದು ನಿಜ ಹೇಳುವ ಛಾಯಾಗ್ರಾಹಕ ಇನ್ನೂ ಹುಟ್ಟಿಲ್ಲ. ಆದರೆ ಚಿತ್ರಗಳನ್ನು ಪುಟಕ್ಕೇ ಅಚ್ಚು ಹಾಕುವ ಕರಿಜ್ಮಾ ಆಲ್ಬಂ ಮಾಡಿಸಲು ಇಲ್ಲಿಗೆ ಬರಲೇಬೇಕಲ್ಲ! ನಾವು ಅವರ ಬಾಗಿಲಿಗೆ ಹೋಗುವುದು ಬೇಡ, ಅವರು ಬರುವ ಬಾಗಿಲಲ್ಲಿ ನಾವು ಕಾಯೋಣ. ಒಂದು ಮದುವೆಗೆ 50 ರೂಪಾಯಿ, ಹೆಸರು ‘ಮುಹೂರ್ತದ ಹಣ’. ಕಾರ್ಯಕಾರಿ ಸಮಿತಿಯಲ್ಲಿ ಇದನ್ನು ಹೇಳಿದಾಗ ನಕ್ಕರು. ಫಿಲಂ ಕಾಲದ ಹಿರಿಯರೊಬ್ಬರು, ‘ತಮ್ಮಾ, ಈ ಊರಿನವರು ಮಂಡಕ್ಕಿ ಮಿರ್ಚಿಗೆ ನೂರು ರೂಪಾಯಿ ಬಿಚ್ಚುತ್ತಾರೆ, ಸಂಘಕ್ಕೆ ಹತ್ತು ಬಿಚ್ಚುವುದಿಲ್ಲ’ ಎಂದರು.

ಮೊದಲಿಗೆ ಅವರ ಮಾತೇ ನಿಜವಾಯಿತು. ಸಂಕ್ರಾಂತಿ ಮುಗಿದ ಮೇಲೆ ಮೂರು ಲ್ಯಾಬ್‌ಗಳಲ್ಲಿ ಬೀಗ ಹಾಕಿದ ಸ್ಟೀಲ್ ಡಬ್ಬಿ ಇಟ್ಟೆವು. ಮೂರು ವಾರದ ನಂತರ ತೆಗೆದರೆ ಮೂರರಲ್ಲೂ ಸೇರಿ 1,150 ರೂಪಾಯಿ, ಒಂದು ಹರಿದ ಹತ್ತರ ನೋಟು, ಒಂದು ಅಂಗಿ ಗುಂಡಿ. ಗುಪ್ತದಾನ ದೇವರ ಹುಂಡಿಗೆ ಸರಿ, ಸಂಘದ ಹುಂಡಿಗೆ ಅಲ್ಲ ಎಂಬುದು ಆಗ ತಿಳಿಯಿತು. 2,400 ಕೊಟ್ಟು ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ಹೆಸರು, ಮದುವೆಯ ತಾರೀಕು, ಕಾರ್ಬನ್ ಪ್ರತಿ. ಆಲ್ಬಂ ಬಿಲ್ಲಿನ ಜೊತೆಗೇ ರಸೀದಿ. ತಿಂಗಳ ಕೊನೆಗೆ ಲ್ಯಾಬಿನ ಗೋಡೆಗೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಏನು ಬರೆಯಬೇಕು, ಏನನ್ನು ಬೇಕೆಂದೇ ಬಿಡಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನವರು ಈ ಉಸಾಬರಿಗೆ ಯಾಕೆ ಒಪ್ಪಿದರು ಎಂಬುದೂ ಹಾಗೆಯೇ. ಬೇಕಾದವರು ಊರಿಗೆ ಬರಲಿ, ಬೆಣ್ಣೆ ದೋಸೆ ಕೊಡಿಸಿದರೆ ಅರ್ಧ ಹೇಳುತ್ತೇನೆ.

ಏಪ್ರಿಲ್, ಮೇ ಎರಡೇ ತಿಂಗಳಲ್ಲಿ 38 ಸಾವಿರ ಬಂತು. ಮನೆ ಮನೆ ಅಲೆದು ತಂದ ವರ್ಷದ ವಂತಿಗೆಗಿಂತ ಹೆಚ್ಚು. ಆಷಾಢದಲ್ಲಿ ಡಬ್ಬಿ ಒಣಗಿತು, ಇಡೀ ತಿಂಗಳಿಗೆ 600 ರೂಪಾಯಿ. ಕಷ್ಟಗಳಿಗೆ ಮಾತ್ರ ಆಷಾಢ ಇಲ್ಲವಲ್ಲ, ಇಬ್ಬರು ಆಗಲೇ ಬಂದರು. ಒಬ್ಬನ ಮಗುವಿಗೆ ಆಸ್ಪತ್ರೆ, ಇನ್ನೊಬ್ಬ ನಡುರಾತ್ರಿ ಮದುವೆ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನು. ಇಬ್ಬರಿಗೂ ಕೊಟ್ಟೆವು. ನಿಯಮ ಸರಳ: ಅರ್ಜಿಯಿಲ್ಲ, ಸಮಿತಿಯ ಇಬ್ಬರು ಕಣ್ಣಾರೆ ನೋಡಬೇಕು, 24 ಗಂಟೆಯೊಳಗೆ ಹಣ ಕೈ ಸೇರಬೇಕು, ಹತ್ತು ಸಾವಿರ ಮೀರಬಾರದು. ವರ್ಷಕ್ಕೆ ಒಟ್ಟು 84 ಸಾವಿರದಷ್ಟು ಬಂದಿದೆ, ಏಳು ಜನರಿಗೆ 61 ಸಾವಿರ ಹೋಗಿದೆ. ಇಬ್ಬರು ಕೇಳದೆಯೇ ತಿರುಗಿ ತಂದುಕೊಟ್ಟರು, ಅದನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ.

ಸಂಘ ನಡೆಸುವವರು ಮರೆಯುವ ಖರ್ಚು ಒಂದಿದೆ. ನಮ್ಮದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು. ವರ್ಷವರ್ಷ ಸಮಿತಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಹಿಂದಿನವರು ಎಷ್ಟೋ ವರ್ಷ ಬಿಟ್ಟಿದ್ದರು. ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದಾಗ ಅದು ಬಯಲಾಯಿತು. ಲೆಕ್ಕ ಪರಿಶೋಧಕರ ಶುಲ್ಕ, ದಂಡ ಎಲ್ಲ ಸೇರಿ ಒಂಬತ್ತೂವರೆ ಸಾವಿರ. ನಿಧಿಯನ್ನು ಮುಟ್ಟದೆ ಅರ್ಧ ನಾನು, ಅರ್ಧ ಖಜಾಂಚಿ ಹಾಕಿದೆವು. ಮನೆಯಲ್ಲಿ ಇನ್ನೂ ಹೇಳಿಲ್ಲ.

ನಡುವೆ ನನ್ನ ಚಪಲಕ್ಕೆ ಬೇರೆ ಪ್ರಯೋಗಗಳೂ ನಡೆದವು. ಕನಿಷ್ಠ ದರಪಟ್ಟಿ ಮಾಡಿ ಎಲ್ಲ ಸ್ಟುಡಿಯೊಗಳಿಗೂ ಅಂಟಿಸೋಣ ಎಂದು ಹೊರಟಿದ್ದೆ. ಸಂಘವೇ ಕೂತು ಬೆಲೆ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಅದೇ ಲೆಕ್ಕ ಪರಿಶೋಧಕರು ಎಚ್ಚರಿಸಿದರು, ಕೈಬಿಟ್ಟೆ. ಹೇಗಿದ್ದರೂ ಅಂಟಿಸಿದ ಸಂಜೆಯೇ ಎರಡು ಸಾವಿರ ಇಳಿಸುವವರು ನಮ್ಮಲ್ಲೇ ಇದ್ದಾರೆ. ಸದಸ್ಯರು ಬೇಕಾದಾಗ ಎರವಲು ಒಯ್ಯಲಿ ಎಂದು ಲೆನ್ಸ್ ಬ್ಯಾಂಕು ಮಾಡಿದೆ. ಹಳೆಯ ಬೀರುವಿನಲ್ಲಿ ಸೊನ್ನೆ ವಾಟ್ ಬಲ್ಬ್ ಉರಿಸಿ ಬೂಸ್ಟು ಹಿಡಿಯದಂತೆ ನೋಡಿಕೊಂಡೆ. ಬೀರುವಿನಲ್ಲಿದ್ದ ಲೆನ್ಸಿಗೆ ಏನೂ ಆಗಲಿಲ್ಲ, ಕೊಂಡೊಯ್ದವರು ಒದ್ದೆ ಚೀಲದಲ್ಲಿ ಇಟ್ಟುಕೊಂಡ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಬಂತು. ಎರಡು ಲೆನ್ಸ್ ಹೋದ ಮೇಲೆ ಬೀರುವಿಗೆ ಬೀಗ.

ಈ ವರ್ಷದ ಆಗಸ್ಟ್ 19ಕ್ಕೆ ಶಾಲು ತರಲಿಲ್ಲ. ಒಂದು ಬಸ್ ಮಾಡಿಕೊಂಡು ನಸುಕಿಗೇ ಸಂತೇಬೆನ್ನೂರಿನ ಪುಷ್ಕರಣಿಗೆ ಹೋದೆವು, ಖರ್ಚು ಒಂಬತ್ತು ಸಾವಿರ, ಬಂದವರೇ ಹಂಚಿಕೊಂಡರು. ಬಂದವರು 23. ಬಿಸಿಲು ನಡುಮಂಟಪದ ಗೋಪುರಕ್ಕೆ ತಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ, ಹದಿನೈದು ವರ್ಷ ಮದುವೆಯನ್ನೇ ತೆಗೆದ ಒಬ್ಬ ಕ್ಯಾಮೆರಾ ಹಿಡಿದು ಸುಮ್ಮನೆ ನಿಂತಿದ್ದ. ಯಾಕಪ್ಪಾ ಎಂದರೆ, ‘ಅಣ್ಣಾ, ಜೋಡಿಯನ್ನು ಎಲ್ಲಿ ನಿಲ್ಲಿಸಲಿ?’ ಎಂದ.

ತೂತು ಇನ್ನೂ ಇದೆ. ಇಪ್ಪತ್ತು ಇಪ್ಪತ್ತೈದು ಜನ ಈಗ ಫೈಲುಗಳನ್ನು ಇಂಟರ್‌ನೆಟ್‌ನಲ್ಲೇ ಹೊರ ಊರಿಗೆ ಕಳಿಸಿ ಆಲ್ಬಂ ಕೊರಿಯರ್‌ನಲ್ಲಿ ತರಿಸುತ್ತಾರೆ. ಅವರು ನಮ್ಮ ಡಬ್ಬಿಯ ಮುಂದೆ ಹಾಯುವುದೇ ಇಲ್ಲ. ಐವತ್ತನ್ನು ನೂರು ಮಾಡಿ ಎನ್ನುವವರೂ ಇದ್ದಾರೆ. ಐವತ್ತು ಎಂದರೆ ಯಾರೂ ಲೆಕ್ಕಿಸುವುದಿಲ್ಲ, ನೂರು ಎಂದ ಕೂಡಲೇ ಲೆಕ್ಕ ಹಾಕುತ್ತಾರೆ. ನಾನಿರುವವರೆಗೆ ಐವತ್ತೇ. ಸದ್ಯದ ತಲೆನೋವು ಬೇರೆ: ಮೂರನೆಯ ಲ್ಯಾಬಿನವರು ಸಂಕ್ರಾಂತಿಗೆ ಅಂಗಡಿ ಬದಲಿಸುತ್ತಾರಂತೆ. ಹೊಸ ಅಂಗಡಿಯಲ್ಲಿ ಕೌಂಟರಿನ ಪಕ್ಕದ ಮೂಲೆ ನಮ್ಮ ಡಬ್ಬಿಗೆ ಬೇಕು, ಬಾಗಿಲ ಹಿಂದೆ ಬೇಡ. ಸೋಮವಾರ ಖಜಾಂಚಿಯನ್ನು ಕರೆದುಕೊಂಡು ಜಾಗ ನೋಡಿ ಬರಬೇಕು.